ಮುಪ್ಪಿನ ಅಂಗಿ

“ಉಸಿರಾಡ್ಲಿಕ್ಕೆ ಆಗ್ತದಾ ಸರ್?” ಕತ್ತಿನ ಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತ ಅಕ್ಷಿತಾ ಕೇಳಿದಳು.

“ಸಲೀಸಾಗಿ ಆಗಬಾರದು,” ಎಂದ ತಾರಾನಾಥ. “ಸಲೀಸಾದರೆ ಪ್ರಯೋಗ ಕೆಟ್ಟ ಹಾಗೆ.”

ಇದು ತಮಾಷೆಯೋ ಅಲ್ಲವೋ ಎಂದು ಅವಳು ಲೆಕ್ಕ ಹಾಕುತ್ತಿರುವುದು ಅವನಿಗೆ ಕಾಣಿಸಿತು. ಅವನ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ. ಗೈಡಿನ ತಮಾಷೆಗೆ ನಗದಿದ್ದರೂ ಕಷ್ಟ, ತಮಾಷೆಯಲ್ಲದ್ದಕ್ಕೆ ನಕ್ಕರೂ ಕಷ್ಟ. ಅವಳು ತೀರ್ಮಾನಕ್ಕೆ ಬರುವಷ್ಟರಲ್ಲಿ ನಗುವ ಹೊತ್ತು ಕಳೆದಿತ್ತು.

ವಿಭಾಗದಲ್ಲಿ ಅದನ್ನು ಮುಪ್ಪಿನ ಅಂಗಿ ಎನ್ನುತ್ತಿದ್ದರು. ಜರ್ಮನಿಯಿಂದ ಪೆಟ್ಟಿಗೆಯಲ್ಲಿ ಬಂದದ್ದು. ಎದೆಗೂ ಬೆನ್ನಿಗೂ ತೂಕದ ಚೀಲಗಳನ್ನು ಹೊಲಿದ ಕವಚ, ಮಣಿಕಟ್ಟಿಗೆ ತೂಕ, ಕಣಕಾಲಿಗೆ ತೂಕ, ಮೊಣಕಾಲು ಮಡಚದಂತೆ ಗಡಸು ಪಟ್ಟಿ, ಕಿವಿಗೆ ಬಿರಡೆ. ಕಣ್ಣಿಗೆ ಒಂದು ಕನ್ನಡಕ. ಹೊರಗಿನಿಂದ ನೋಡುವವರಿಗೆ ಕಪ್ಪು, ಒಳಗಿನಿಂದ ನೋಡುವವನಿಗೆ ಹಳದಿ. ಪೊರೆ ಬಂದ ಕಣ್ಣಿಗೆ ಲೋಕ ಹಾಗೇ ಕಾಣುತ್ತದಂತೆ. ಇದನ್ನು ತೊಟ್ಟವನು ಒಂದು ಗಳಿಗೆಯಲ್ಲಿ ಮುದುಕನಾಗುತ್ತಾನೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದರು. ತೊಡದೆಯೂ ಆಗಬಹುದು, ಸ್ವಲ್ಪ ತಡವಾಗುತ್ತದೆ ಅಷ್ಟೆ ಎಂದು ತಾರಾನಾಥ ಉದ್ಘಾಟನೆಯ ದಿನ ಹೇಳಿ ಎಲ್ಲರನ್ನೂ ನಗಿಸಿದ್ದ.

ಹಿರಿಯರ ಆರೈಕೆಯ ಬಗ್ಗೆ ಸಂಶೋಧನೆ ಮಾಡುವ ಪ್ರತಿಯೊಬ್ಬರೂ ಒಂದು ದಿನ ಇದನ್ನು ತೊಟ್ಟು ಊರಿನಲ್ಲಿ ತಿರುಗಬೇಕು. ಬಸ್ಸು ಹತ್ತಬೇಕು. ಪರಿಚಯದವರೊಬ್ಬರ ಮನೆಗೆ ಹೋಗಬೇಕು. ನಿಯಮ ಬರೆದವನು ತಾರಾನಾಥನೇ. ಉಳಿದವರೆಲ್ಲ ಮುಗಿಸಿದ್ದರು, ಅವನದೊಂದು ಬಾಕಿ ಇತ್ತು.

ಪ್ಯಾಂಟು ಮೊಣಕಾಲಿನ ಪಟ್ಟಿಯ ಮೇಲೆ ಏರಲಿಲ್ಲ. ಬಿಳಿ ಮುಂಡು ಉಟ್ಟ. ಕವಚ ಮುಚ್ಚಲೆಂದು ಉದ್ದ ತೋಳಿನ ದೊಗಳೆ ಬಿಳಿ ಅಂಗಿ ಹಾಕಿದ. ಕನ್ನಡಿಯೊಳಗೆ ಹಳದಿ ನೀರಿನಲ್ಲಿ ನಿಂತ ಯಾರೋ ಒಬ್ಬರು ಅವನನ್ನು ನೋಡಿದರು. ಎಲ್ಲೋ ಕಂಡ ಮುಖ ಎನ್ನಿಸಿತು, ಯಾರೆಂದು ಹೊಳೆಯಲಿಲ್ಲ.

“ನಾನು ಹಿಂದಿನಿಂದ ಬರ್ಬೇಕಲ್ಲ ಸರ್?” ಅಕ್ಷಿತಾಳ ದನಿ ಪಕ್ಕದ ಕೋಣೆಯಿಂದ ಬಂದಂತಿತ್ತು.

“ಬೇಡ.”

“ಯಾರ ಮನೆಗೆ ಹೋಗುವುದು ಅಂತ ಬರ್ಕೊಳ್ಳಲಿ?”

“ನೋಡುವ,” ಎಂದ.

ನೋಡುವ ಎನ್ನುವುದು ಅವನಿಗೆ ಬಹಳ ಉಪಕಾರ ಮಾಡಿದ ಮಾತು. ಸಮಿತಿಗಳಲ್ಲಿ ಅದು ನಡೆಯುತ್ತದೆ, ಮದುವೆ ಕರೆಯಲು ಬಂದವರಿಗೆ ನಡೆಯುತ್ತದೆ. ಎರಡು ವಾರಗಳಿಂದ ಅಕ್ಕ ಗುಣವತಿಗೂ ಅವನು ಅದನ್ನೇ ಹೇಳುತ್ತ ಬಂದಿದ್ದ.

ಗುಣವತಿಗೆ ನಾಳೆ ಗರ್ಭಕೋಶದ ಆಪರೇಷನ್. ಬೆಳಿಗ್ಗೆ ಉಡುಪಿಗೆ ಹೋಗಿ ಅಡ್ಮಿಟ್ ಆಗಬೇಕು. ಮತ್ತೆ ಒಂದೂವರೆ ತಿಂಗಳು ಕೊಡಪಾನ ಕೂಡ ಎತ್ತಬಾರದು. ಅಮ್ಮನನ್ನಂತೂ ಎತ್ತುವ ಮಾತೇ ಇಲ್ಲ. ಅಮ್ಮ ಆರು ವರ್ಷಗಳಿಂದ ಕಾಪುವಿನಲ್ಲಿ ಗುಣವತಿಯ ಮನೆಯಲ್ಲಿದ್ದಾಳೆ. ಅವಳ ನೆನಪು ಹಿಂದಕ್ಕೆ ನಡೆಯುತ್ತಿತ್ತು. ಹೆತ್ತ ಮಕ್ಕಳನ್ನು ದಾಟಿ, ಮದುವೆಯನ್ನು ದಾಟಿ, ಅವಳೇ ಹುಡುಗಿಯಾಗಿದ್ದ ಕಡೆಗೆ ಹೋಗಿತ್ತು. ಅಷ್ಟು ದಿನ ಅಮ್ಮನನ್ನು ನೀನು ಇಟ್ಟುಕೊಳ್ಳುತ್ತೀಯಾ ಎಂದು ಗುಣವತಿ ಕೇಳಿದ್ದಳು. ಅವಳು ತಮ್ಮನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮಣಿಪಾಲದ ಅವನ ಫ್ಲ್ಯಾಟಿನಲ್ಲಿ ಎರಡು ಕೋಣೆ ಖಾಲಿ ಇದ್ದವು. ಹೆಂಡತಿಗೆ ಬ್ಯಾಂಕಿನಲ್ಲಿ ಹುಬ್ಬಳ್ಳಿಗೆ ವರ್ಗವಾಗಿತ್ತು. ಮಕ್ಕಳಿಲ್ಲ. ಕೆಲಸದವಳು ಬಂದು ಹೋಗುತ್ತಾಳೆ, ಲಿಫ್ಟ್ ಇದೆ, ಸುತ್ತ ಆಸ್ಪತ್ರೆಗಳಿವೆ. ಇಲ್ಲ ಎನ್ನಲು ಒಂದು ಕಾರಣವನ್ನು ಅವನು ಪ್ರಾಮಾಣಿಕವಾಗಿ ಹುಡುಕಿದ್ದ, ಒಂದೂ ಸಿಗದೆ ನೋಡುವ ಎಂದಿದ್ದ.

ಕಾರಣ ಇರಲಿಲ್ಲ ಎಂದಲ್ಲ. ಅವನಿಗೆ ಹೆದರಿಕೆ. ಅಮ್ಮನ ಮೈ ತೊಳೆಯಬೇಕಾಗುತ್ತದೆ ಎಂಬ ಹೆದರಿಕೆ. ಕಾರ್ಕಳ ತಾಲೂಕಿನ ಮನೆಮನೆಗೆ ಹೋಗಿ, ಯಾರು ಯಾರನ್ನು ಹೇಗೆ ತೊಳೆಯುತ್ತಾರೆ, ಆಗ ಅವರಿಗೆ ಏನನ್ನಿಸುತ್ತದೆ ಎಂದು ಕೇಳಿ ಪಿಎಚ್‌ಡಿ ಪಡೆದವನು ಅವನು. ಸರ್ಕಾರದ ಕರಡು ನೀತಿಯಲ್ಲಿ ಅವನದೇ ಒಂದು ವಾಕ್ಯವಿದೆ: ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಬಿಡುವು ಪಡೆಯುವ ಹಕ್ಕು ಇದೆ; ಆ ಅವಧಿಯಲ್ಲಿ ಕುಟುಂಬದ ಇನ್ನೊಬ್ಬರು ಹೊಣೆ ಹೊರತಕ್ಕದ್ದು. ‘ತಕ್ಕದ್ದು’ ಎಂಬುದನ್ನು ಸೇರಿಸಲು ಅವನು ಎರಡು ಸಭೆಗಳಲ್ಲಿ ಜಗಳವಾಡಿದ್ದ.

ಬೆಳಿಗ್ಗೆ ಗುಣವತಿಯ ಫೋನು ಬಂದಿತ್ತು. ಅದು ಹೊಡೆದುಕೊಂಡು ಸುಮ್ಮನಾಗುವವರೆಗೂ ಅವನು ಹಲ್ಲುಜ್ಜಿದ.

*

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಎಲ್ಲ ಬಸ್ಸುಗಳೂ ಒಂದೇ ಬಣ್ಣದಲ್ಲಿದ್ದವು. ಬೋರ್ಡಿನ ಅಕ್ಷರಗಳು ಅರಶಿನ ನೀರಿನಲ್ಲಿ ನೆನೆದು ಊದಿಕೊಂಡಿದ್ದವು. ಕಿವಿಯೊಳಗೆ ಅವನ ಉಸಿರೇ ದೊಡ್ಡದಾಗಿ ಕೇಳುತ್ತಿತ್ತು, ಉಳಿದ ಸದ್ದೆಲ್ಲ ಗೋಡೆಯ ಆಚೆ. ಎಲ್ಲಿ ಹೋಗುವುದೆಂದು ಅವನು ನಿಶ್ಚಯಿಸಿರಲಿಲ್ಲ. ನಿಶ್ಚಯಿಸುವ ಮೊದಲೇ ಒಂದು ಕೈ ಅವನ ಕಂಕುಳಿಗೆ ಬಂದು ಮೇಲಕ್ಕೆತ್ತಿತು.

“ಮೆಲ್ಲ ಅಜ್ಜೇರೆ, ಮೆಲ್ಲ. ಕಾಪುವಿಗಲ್ವಾ? ಹತ್ತಿ ಹತ್ತಿ.” ಕಂಡಕ್ಟರು ಅವನನ್ನು ಕಿಟಕಿಯ ಬದಿಗೆ ಕೂರಿಸಿದ. ಕಾಪುವಿಗೆಂದು ತಾನು ಹೇಳಿದೆನೇ? ಹೇಳಿರಲಾರೆ. ಕಟಪಾಡಿಯಲ್ಲಿ ಇಳಿದು ಹಿಂದಕ್ಕೆ ಬಂದರಾಯಿತು ಎಂದುಕೊಂಡ. ಅಜ್ಜೇರೆ ಎಂಬ ಮಾತು ಅಷ್ಟೇನೂ ನೋಯಿಸಲಿಲ್ಲ. ಐವತ್ತನಾಲ್ಕು ವರ್ಷಗಳಲ್ಲಿ ಅವನನ್ನು ಯಾರೂ ಕಂಕುಳಿಗೆ ಕೈ ಹಾಕಿ ಎತ್ತಿದ ನೆನಪಿರಲಿಲ್ಲ.

ಪಕ್ಕದಲ್ಲಿ ಕೂತ ಹೆಂಗಸು ಅವನ ಕಡೆಗೆ ತಿರುಗಿದರು. ಮಡಿಲಲ್ಲಿ ಮಲ್ಲಿಗೆ ಚೆಂಡುಗಳನ್ನು ಸೇರಿಸಿ ಕಟ್ಟಿದ ಅಟ್ಟೆ ಇತ್ತು, ಕೊರಳಲ್ಲಿ ಶಿಲುಬೆ. ಶಿರ್ವದ ಕಾನ್ಸೆಪ್ಟಾ ಎಂದು ಅವರಾಗಿಯೇ ಪರಿಚಯ ಹೇಳಿಕೊಂಡರು.

“ಕಣ್ಣಿನ ಆಪರೇಷನ್ನಾ?”

“ಹೌದು,” ಎಂದ. ಅಲ್ಲ ಎನ್ನಲು ಬಹಳ ಮಾತು ಬೇಕಿತ್ತು.

“ಒಬ್ಬರೇ ಬಂದದ್ದಾ? ಮಗ ಇಲ್ವಾ?”

“ಇದ್ದಾನೆ.”

“ಎಲ್ಲಿ?”

“ಮಣಿಪಾಲದಲ್ಲಿ. ಪ್ರೊಫೆಸರ್.”

“ಓ. ಹಾಗಾದ್ರೆ ಅವರಿಗೆ ಪುರುಸೊತ್ತು ಇರುದಿಲ್ಲ,” ಎಂದರು ಕಾನ್ಸೆಪ್ಟಾ, ಮಗನ ಪರವಾಗಿ. “ಬೇಜಾರು ಮಾಡ್ಬೇಡಿ. ಎಂತ ಕಲಿಸ್ತಾರೆ?”

“ಮುದುಕರನ್ನು ನೋಡಿಕೊಳ್ಳುವುದು ಹೇಗೆ ಅಂತ.”

ಅವರು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಾರಾನಾಥನಿಗೂ ನಗು ಬಂತು. ಆ ಮಗನ ಮೇಲೆ ಅವನಿಗೆ ನಿಜವಾಗಿಯೂ ಸಿಟ್ಟಿತ್ತು. ಎಂಥ ಮಗನಪ್ಪ, ಕಣ್ಣು ಕಾಣದ ಅಪ್ಪನನ್ನು ಬಸ್ಸಿಗೆ ಬಿಟ್ಟವನು. ಇನ್ನೂ ಕೇಳಲಿ, ಇನ್ನೂ ಹೇಳುತ್ತೇನೆ ಎಂದು ಕಾದ. ಕಟಪಾಡಿ ಬಂತು, ಕಾನ್ಸೆಪ್ಟಾ ಇಳಿದರು. ಅವನೂ ಇಳಿಯಲೆಂದು ಎದುರಿನ ಕಂಬಿಯನ್ನು ಹಿಡಿದ. ಮೊಣಕಾಲು ಮಡಚಲಿಲ್ಲ, ಎದೆಯ ತೂಕ ಸೀಟಿನಿಂದ ಏಳಲಿಲ್ಲ. ಬಸ್ಸು ಹೊರಟಿತು. ತನ್ನ ಮಟ್ಟಿಗೆ ತಾನು ಯತ್ನ ಮಾಡಿದ್ದಾಯಿತು ಎಂದು ಅವನಿಗೆ ಒಂದು ಬಗೆಯ ಸಮಾಧಾನವಾಯಿತು.

*

ಕಾಪು ಪೇಟೆಯಿಂದ ಪಡುವಣಕ್ಕೆ ಹೋಗುವ ದಾರಿಯಲ್ಲಿ ಗುಣವತಿಯ ಮನೆ. ಕಾರಿನಲ್ಲಿ ಬಂದರೆ ದಾರಿಯೇ ಅಲ್ಲ. ಇವತ್ತು ಅದು ನಡೆದಷ್ಟೂ ಮುಗಿಯಲಿಲ್ಲ. ಬಿಸಿಲು ದಪ್ಪಗೆ, ಜೇನಿನ ಹಾಗೆ ಸುರಿಯುತ್ತಿತ್ತು. ಎದುರಿಗೆ ಬಂದವರು ಹತ್ತಿರವಾಗುವವರೆಗೆ ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ, ಹತ್ತಿರವಾದವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಮಲಗಿದ್ದ ನಾಯಿ ಕೂಡ ಎದ್ದು ಬದಿಗೆ ಹೋಯಿತು. ಇಷ್ಟು ಮರ್ಯಾದೆ ಅವನಿಗೆ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದ್ದಿಲ್ಲ.

ಗೇಟಿನ ಬಳಿ ನಿಂತು, ಹಿಂದೆ ಹೋಗಿಬಿಡಲೇ ಎಂದುಕೊಂಡ. ಜಗಲಿಯಲ್ಲಿ ಅಮ್ಮ ಕೂತಿದ್ದಳು. ಗುಣವತಿ ಮನೆಯಲ್ಲೇ ರವಕೆ ಹೊಲಿಯುವವಳು. ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಅಮ್ಮನ ಮುಂದೆ ರಾಶಿ ಹಾಕಿರುತ್ತಾಳೆ. ಅಮ್ಮ ಅವನ್ನು ಮಡಚಿ ಮಡಚಿ ಇಡುತ್ತಾಳೆ.

ಗೇಟು ಕಿರುಗುಟ್ಟಿರಬೇಕು. ಅಮ್ಮ ತಲೆ ಎತ್ತಿ ನೋಡಿದಳು. ಅಂಥ ನೋಟವನ್ನು ಅವನು ಅವಳ ಮುಖದಲ್ಲಿ ವರ್ಷಗಳಿಂದ ಕಂಡಿರಲಿಲ್ಲ.

“ದೂಮಣ್ಣ!” ಎಂದಳು. “ಈಗ ಬಂದಿಯಾ ಅಣ್ಣ? ಎಷ್ಟು ಕಾದೆ ನಾನು!”

ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖ ಯಾರದೆಂದು ಆಗ ಅವನಿಗೆ ಹೊಳೆಯಿತು. ದೂಮಪ್ಪ ಮಾವ ಅಮ್ಮನ ಅಣ್ಣ, ಸತ್ತು ಮೂವತ್ತು ವರ್ಷವಾಯಿತು. ಬಿಳಿ ಮುಂಡು, ಉದ್ದ ತೋಳಿನ ಬಿಳಿ ಅಂಗಿ, ಗಂಟುನೋವಿನಿಂದ ಮಡಚದ ಮೊಣಕಾಲು. ಕೊನೆಗಾಲದಲ್ಲಿ ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆ ಅವರದು. ಹೆಣ್ಣು, ಕೊಟ್ಟ ಮನೆಯಲ್ಲಿದ್ದರೂ, ತವರಿನವಳೇ. ಅವಳ ಮೇಲಿನ ಅಧಿಕಾರ ಗಂಡನದಲ್ಲ, ಅಣ್ಣನದು. ಅಣ್ಣ ಕರೆದೊಯ್ಯಲು ಬಂದರೆ ಯಾರೂ ಬೇಡ ಎನ್ನುವಂತಿರಲಿಲ್ಲ. ಬಂದ ಅಣ್ಣನೂ ತಂಗಿಯನ್ನು ಬಿಟ್ಟು ಒಬ್ಬನೇ ಮರಳುವಂತಿರಲಿಲ್ಲ, ಹಾಗೆ ಮರಳಿದರೆ ಊರು ನಗುತ್ತಿತ್ತು.

ಅಮ್ಮ ಒಳಗೆ ಹೋಗಿ ಬೆಲ್ಲ ಮತ್ತು ನೀರು ತಂದಿಟ್ಟಳು. ಬಂದವರಿಗೆ ಬೆಲ್ಲ ನೀರು ಕೊಡಬೇಕೆಂಬುದು ಅವಳಿಗೆ ಮರೆತಿರಲಿಲ್ಲ.

ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಗುಣವತಿ ಬಾಗಿಲಿಗೆ ಬಂದು, ಕತ್ತರಿ ಹಿಡಿದುಕೊಂಡೇ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಅಕ್ಕ, ಇದು ನಾನು,” ಎಂದ. ದನಿ ಅವನ ತಲೆಯೊಳಗೇ ಗುಂಯ್ ಎಂದಿತು.

“ಗೊತ್ತಾಯ್ತು. ಮೂಗು ನಿನ್ನದೇ ಉಂಟಲ್ಲ. ಎಂತ ವೇಷ ಮಾರಾಯ ಇದು?”

“ಒಂದು ಪ್ರಯೋಗ. ಮುದುಕರಿಗೆ ಹೇಗೆ ಆಗ್ತದೆ ಅಂತ...”

“ಬೆಳಿಗ್ಗೆ ಫೋನ್ ಮಾಡಿದ್ದೆ.”

“ಕಿವಿಗೆ ಬಿರಡೆ ಉಂಟು ಅಕ್ಕ.”

“ಬೆಳಿಗ್ಗೆ ಆರಕ್ಕೇ ಹಾಕಿದ್ಯಾ?”

ಅವನು ಬೆಲ್ಲ ಬಾಯಿಗೆ ಹಾಕಿಕೊಂಡ.

*

ಊಟಕ್ಕೆ ಅಮ್ಮನೇ ಬಡಿಸಿದಳು. ಆರು ವರ್ಷಗಳಲ್ಲಿ ಅವಳು ಒಲೆಯ ಕಡೆ ಸುಳಿದವಳಲ್ಲ ಎಂದು ಗುಣವತಿ ಹೇಳಿದಳು; ತಡೆಯಲಿಲ್ಲ, ಗೋಡೆಗೆ ಒರಗಿ ನೋಡುತ್ತ ನಿಂತಳು. ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು. ಮೀನಿನ ಮುಳ್ಳನ್ನು ಬಿಡಿಸಿ, ಬೆರಳಲ್ಲಿ ಒತ್ತಿ ನೋಡಿ, ಇನ್ನೊಮ್ಮೆ ಒತ್ತಿ ನೋಡಿ ಅಮ್ಮ ಅವನ ಬಟ್ಟಲಿಗೆ ಹಾಕುತ್ತಿದ್ದಳು.

“ಮೆಲ್ಲ ತಿನ್ನು ಅಣ್ಣ. ಹಲ್ಲು ಇಲ್ಲ ನಿನಗೆ.”

ಗಂಜಿ ಗಲ್ಲಕ್ಕೆ ಇಳಿಯಿತು. ಕೈಗೆ ತೂಕ ಕಟ್ಟಿದವನಿಗೆ ಒರೆಸಿಕೊಳ್ಳಲು ತಡವಾಯಿತು. ಅಮ್ಮ ಸೆರಗಿನ ತುದಿಯಿಂದ ಒರೆಸಿದಳು. ಸೆರಗಿಗೆ ಡೆಟ್ಟಾಲಿನ ವಾಸನೆ, ಅದರ ಅಡಿಗೆ ಹಳೆಯ ಒಂದು ವಾಸನೆ. ಅವನಿಗೆ ಸುಖವಾಯಿತು. ಇಂಥ ಸುಖ ತನಗೆ ಇನ್ನೂ ಉಳಿದಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಈ ಮಧ್ಯಾಹ್ನ ಮುಗಿಯದೆ ಇರಲಿ, ಈ ಹಳದಿ ಬೆಳಕಿನಲ್ಲಿ ಅವಳು ಮುಳ್ಳು ಬಿಡಿಸುತ್ತಲೇ ಇರಲಿ, ತಾನು ಯಾರಾಗಿಯೂ ಇರದೆ ಹೀಗೆ ತಿನ್ನುತ್ತಲೇ ಇರಲಿ ಎನ್ನಿಸಿತು. ಕನ್ನಡಕದ ಅಡಿಯಲ್ಲಿ ಕಣ್ಣು ಒದ್ದೆಯಾಗಿ ಗಾಜು ಮಬ್ಬಾಯಿತು.

ಅಮ್ಮ ಬಟ್ಟಲು ತೊಳೆಯಲು ಹೋದಾಗ ಗುಣವತಿ ಎದುರಿಗೆ ಬಂದು ಕೂತಳು.

“ನಾಳೆ ಏಳು ಗಂಟೆಗೆ ನಾನು ಹೊರಡುದು.”

“ಗೊತ್ತುಂಟು.”

“ಅಮ್ಮನಿಗೆ ಎಂತ ಮಾಡುದು?”

“ಒಬ್ಬರು ಹೋಮ್ ನರ್ಸ್ ನೋಡಿದ್ದೇನೆ. ಅಂದ್ರೆ, ನೋಡ್ತಾ ಇದ್ದೇನೆ. ಒಳ್ಳೆಯ ಏಜೆನ್ಸಿ. ಇಲ್ಲಿಗೇ ಬರ್ತಾರೆ.”

“ಅಮ್ಮ ಹೊರಗಿನವರ ಕೈ ತಾಗಿದ್ರೆ ಬೊಬ್ಬೆ ಹಾಕ್ತಾರೆ. ನಿನಗೆ ಹೇಳಿದ್ದೆ.”

“ಅದಕ್ಕೆ ಒಂದು ಕ್ರಮ ಉಂಟು ಅಕ್ಕ. ಮೊದಲು ಪರಿಚಯ ಮಾಡಿಸಿ, ನಿಧಾನವಾಗಿ...”

“ನಾಳೆ ಏಳು ಗಂಟೆಗೆ,” ಎಂದಳು ಗುಣವತಿ.

ಅವನು ಕತ್ತಿನ ಪಟ್ಟಿಯೊಳಗೆ ಬೆರಳು ತೂರಿಸಿ ಸಡಿಲಿಸಿಕೊಂಡ.

“ಟೀವಿಯಲ್ಲಿ ನೀನು ಮಾತಾಡಿದ್ದು ನೋಡಿದೆ. ನೋಡಿಕೊಳ್ಳುವ ಹೆಂಗಸರಿಗೆ ವರ್ಷಕ್ಕೊಮ್ಮೆ ರಜೆ ಬೇಕು ಅಂತ ಹೇಳಿದ್ದಿ. ಚೆಂದ ಹೇಳಿದ್ದಿ. ಅಮ್ಮನಿಗೂ ತೋರಿಸಿದೆ. ಯಾರು ಇವ, ಪಾಪ, ತುಂಬ ಮಾತಾಡ್ತಾನೆ ಅಂದ್ರು.”

“ಅದು ನೀತಿಯ ವಿಷಯ.”

“ಇದು?”

“ಇದು... ಅಕ್ಕ, ನನಗೆ ಆಗುದಿಲ್ಲ ಅಂತಲ್ಲ. ನೋಡುವ ಅಂತ...”

“ಪುರಾಣ ಹೇಳ್ಲಿಕ್ಕೆ, ಬದನೆಕಾಯಿ ತಿನ್ಲಿಕ್ಕೆ,” ಎಂದಳು ಗುಣವತಿ. ಸಿಟ್ಟಿನಿಂದಲ್ಲ. ಬದನೆಕಾಯಿಯ ಬೆಲೆ ಹೇಳುವ ಹಾಗೆ. ಹೊಟ್ಟೆಯ ಬಲಗಡೆಗೆ ಅಂಗೈ ಒತ್ತಿ ಹಿಡಿದು ಸ್ವಲ್ಪ ಹೊತ್ತು ಬಗ್ಗಿ ಕೂತಳು. ಅವಳಿಗೆ ನೋವಿತ್ತು. ಎಷ್ಟು ದಿನಗಳಿಂದ ಎಂದು ಕೇಳಬೇಕೆನ್ನಿಸಿತು; ಕೇಳಿದರೆ ಉತ್ತರ ಸಿಗುತ್ತಿತ್ತು, ಅದಕ್ಕೇ ಅವನು ಕೇಳಲಿಲ್ಲ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಇದನ್ನು ಇಲ್ಲಿಗೆ ಮುಗಿಸಿಬಿಡಬೇಕು ಎಂದುಕೊಂಡ ತಾರಾನಾಥ. ತಾನು ದೂಮಪ್ಪನಲ್ಲ. ಸಂಶೋಧನೆಯ ನೀತಿಸಂಹಿತೆಯಲ್ಲೂ ಹೇಳಿದೆ, ಬುದ್ಧಿ ಮಸುಕಾದವರನ್ನು ವಂಚಿಸಬಾರದು. ಅವನು ಕನ್ನಡಕ ತೆಗೆದ.

“ಅಮ್ಮ, ನಾನು ತಾರಾನಾಥ. ನಿನ್ನ ಮಗ.”

ಬೆಳಕು ಚುಚ್ಚಿತು. ಬಹಳ ಹೊತ್ತಿನ ಮೇಲೆ ಬಿಳಿಯಾದ ಗೋಡೆ, ಬಿಳಿಯಾದ ಅಮ್ಮ. ಎಷ್ಟು ಸಣ್ಣಗಾಗಿದ್ದಾಳೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಗುಣವತಿಯ ತೋಳು ಹಿಡಿದಳು.

“ಯಾರಿವ? ಅಣ್ಣ ಎಲ್ಲಿ? ಅಣ್ಣ ಇಲ್ಲಿ ಕೂತಿದ್ದನಲ್ಲ, ಅವನಿಗೆ ಎಂತ ಮಾಡಿದ್ರಿ?” ದನಿ ಏರಿತು. ಮುಖ ಕಿವುಚಿತು. ಅವಳು ಬೊಬ್ಬೆ ಹಾಕತೊಡಗಿದಳು. ಕಿವಿಯ ಬಿರಡೆಯನ್ನು ದಾಟಿ ಮಸುಕಾಗದೆ ಬಂದ ಆ ದಿನದ ಮೊದಲ ಸದ್ದು ಅದು.

“ಹಾಕು,” ಎಂದಳು ಗುಣವತಿ.

“ಎಂತ?”

“ಕನ್ನಡಕ ಹಾಕು ಮಾರಾಯ!”

ಹಾಕಿದ. ಹಳದಿ ಮರಳಿತು. ಅಮ್ಮನ ಬೊಬ್ಬೆ ನಿಂತಿತು. ಅವಳು ಬಂದು ಅವನ ಮೊಣಕೈ ಮುಟ್ಟಿ ನೋಡಿದಳು. “ಎಲ್ಲಿ ಹೋಗಿದ್ದಿ?” ಎಂದಳು. ಅವನಿಗೆ ಅವಮಾನವಾಯಿತು, ಅಳು ಬಂತು, ಅದರ ಜೊತೆಗೆ ಕನ್ನಡಕದ ಮರೆಗೆ ಬಂದುದರ ನೆಮ್ಮದಿಯೂ ಆಯಿತು.

ಗುಣವತಿ ಅವರಿಬ್ಬರನ್ನೂ ನೋಡುತ್ತ ನಿಂತಿದ್ದಳು. ಅವಳ ಮುಖದಲ್ಲಿ ಏನೋ ಬದಲಾಯಿತು. ಬಟ್ಟೆಯನ್ನು ಎಲ್ಲಿ ಕತ್ತರಿಸಬೇಕೆಂದು ಗೊತ್ತಾದಾಗ ಅವಳು ಹಾಗೆ ನೋಡುತ್ತಾಳೆ.

“ಅಮ್ಮ,” ಎಂದಳು ಜೋರಾಗಿ, “ದೂಮಪ್ಪ ಮಾವ ಸುಮ್ಮನೆ ಬಂದದ್ದಲ್ಲ. ನಿನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು. ಹೊರಡು.”

“ಅಕ್ಕ...”

“ಅಲ್ವಾ ಮಾವ?”

ಅಮ್ಮನ ಎರಡು ಕೈಗಳೂ ಬಾಯಿಗೆ ಹೋದವು. ಮದುವೆಯಾಗಿ ಬಂದ ಹೊಸತರಲ್ಲಿ ಹುಡುಗಿಯರು ಹಾಗೆ ಮಾಡುತ್ತಾರೆ. “ಹೌದಾ ಅಣ್ಣ?” ಎಂದಳು. “ಇವತ್ತೇ?”

ತಾರಾನಾಥ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತ್ತಿನ ಪಟ್ಟಿಯಿಂದ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಲಾಗುತ್ತಿರಲಿಲ್ಲ. ಸುಮ್ಮನಿದ್ದವನ ತಲೆ ಉಸಿರಿನ ಜೊತೆಗೆ ತುಸು ಮೇಲೆ ಕೆಳಗೆ ಆಗಿರಬಹುದು.

ಗುಣವತಿ ಅಮ್ಮನ ತಲೆ ಬಾಚಿ ಗಂಟು ಹಾಕಿದಳು. ನೀಲಿ ಸೀರೆ ಉಡಿಸಿದಳು. ಒಳಗಿನಿಂದ ಒಂದು ಚೀಲ ತಂದಿಟ್ಟಳು. ಅದು ಆಗಲೇ ತುಂಬಿತ್ತು. ಬೆಳಿಗ್ಗೆ ಫೋನ್ ಮಾಡುವ ಮೊದಲೇ ಕಟ್ಟಿಟ್ಟದ್ದಿರಬೇಕು.

“ಡೈಪರ್ ಮೇಲೆಯೇ ಉಂಟು. ಮೈ ತೊಳೆಯುವಾಗ ತುಂಬ ಬಿಸಿ ನೀರು ಬೇಡ. ಮೊದಲು ಕಾಲಿಗೆ ಹಾಕು, ಆಮೇಲೆ ಮೇಲೆ. ಹೆದರುದಿಲ್ಲ ಆಗ.” ಅವಳು ಇದನ್ನು ದೂಮಪ್ಪ ಮಾವನಿಗೂ ಹೇಳಲಿಲ್ಲ, ತಮ್ಮನಿಗೂ ಹೇಳಲಿಲ್ಲ, ನಡುವೆ ಎಲ್ಲಿಗೋ ಹೇಳಿದಳು. “ಹಾಡು ಹೇಳಿದ್ರೆ ಸುಮ್ಮನಿರ್ತಾರೆ. ಯಾವ ಹಾಡಾದ್ರೂ ಆಗ್ತದೆ.”

ಆಟೋ ಬಂತು. ಅಮ್ಮನೇ ಅವನ ಕೈ ಹಿಡಿದು ಗೇಟಿನವರೆಗೆ ತಂದಳು. ಮೊದಲು ಅವನನ್ನು ಹತ್ತಿಸಿ, ಅವನ ಮುಂಡನ್ನು ಚಕ್ರಕ್ಕೆ ಸಿಗದಂತೆ ಒಳಗೆ ಸೇರಿಸಿ, ಆಮೇಲೆ ತಾನು ಹತ್ತಿದಳು. ಗುಣವತಿ ಗೇಟು ಹಿಡಿದು ನಿಂತಿದ್ದಳು. ಅವಳು ಅತ್ತಳೋ ನಕ್ಕಳೋ ಆ ಗಾಜಿನಿಂದ ಕಾಣಿಸಲಿಲ್ಲ.

*

“ಎಲ್ಲಿಗೆ ಅಜ್ಜ?”

ಮಣಿಪಾಲ. ಒಂದೇ ಶಬ್ದ. ಅದನ್ನು ಹೇಳಿದರೆ ಆಟೋ ಹೈವೇಗೆ ಏರುತ್ತದೆ, ಸಂಜೆಯೊಳಗೆ ಲಿಫ್ಟು, ಖಾಲಿ ಕೋಣೆ, ಬಚ್ಚಲು, ಬೆಚ್ಚಗಿನ ನೀರು. ಮೊದಲು ಕಾಲಿಗೆ. ಶಬ್ದ ನಾಲಿಗೆಯವರೆಗೆ ಬಂದದ್ದು ಅವನಿಗೆ ಗೊತ್ತಾಯಿತು. ಹೇಳಬೇಕೆಂದೇ ಇದ್ದ. ಮುಂದಿನ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಂಡ.

“ಎಲ್ಲಿಗೆ ಮಾರಾಯ್ರೆ?”

“ಹೊಳೆ ಬದಿಗೆ,” ಎಂದಳು ಅಮ್ಮ.

“ಹೊಳೆಯಾ? ಬೀಚಿಗಾ?”

“ನೀರಿನ ಹತ್ತಿರ,” ಎಂದು ಅಮ್ಮ ಬೆರಳು ತೋರಿಸಿದಳು. ಅವಳ ದನಿಯಲ್ಲಿ ಸಂಶಯವೇ ಇರಲಿಲ್ಲ. ಡ್ರೈವರನು ಕನ್ನಡಿಯಲ್ಲಿ ತಾರಾನಾಥನನ್ನು ನೋಡಿದ. ಬಿಳಿ ಅಂಗಿಯ ಅಜ್ಜ ಬೇಡ ಎನ್ನಲಿಲ್ಲ. ಅಜ್ಜ ಅಜ್ಜಿಯರು ಸಮುದ್ರ ನೋಡಲು ಹೋಗುವುದರಲ್ಲಿ ತಪ್ಪೇನಿದೆ? ಆಟೋ ಪಡುವಣಕ್ಕೆ ತಿರುಗಿತು. ಒಂದು ತಿರುವು ಬಂತು, ಇನ್ನೊಂದು ಬಂತು. ಅಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು. ಅಲ್ಲಿಂದ ಮುಂದೆ ತಿರುವಿರಲಿಲ್ಲ, ದೀಪಸ್ತಂಭವಿತ್ತು.

ಡ್ರೈವರನೇ ಇಳಿಸಿದ. “ನಿಲ್ಬೇಕಾ ಅಜ್ಜ, ಹೋಗ್ಬೇಕಾ?” ಎಂದು ಕೇಳಿದ. ತಾರಾನಾಥ ನಿಜವಾಗಿಯೂ ನಿಲ್ಲು ಎನ್ನಬೇಕೆಂದೇ ಕೈ ಎತ್ತಿದ. ತೂಕ ಕಟ್ಟಿದ ಕೈ ಅರ್ಧಕ್ಕೆ ಏರಿ ಬಿದ್ದುಹೋಯಿತು. ಹೋಗು ಎಂದಂತೆ ಕಂಡಿರಬೇಕು. ಆಟೋ ಹೋಯಿತು.

ಅಮ್ಮ ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ಮುಂದೆ ನಡೆದಳು. ಅವನ ಕಾಲು ಹೆಜ್ಜೆಹೆಜ್ಜೆಗೆ ಹೊಯಿಗೆಯಲ್ಲಿ ಹೂತುಹೋಗುತ್ತಿತ್ತು. ಹೊಯಿಗೆ ಹಳದಿ, ನೀರು ಹಳದಿ, ಆಕಾಶ ಹಳದಿ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಸುರುವಾಗುತ್ತದೆಂದು ಗೊತ್ತಾಗುತ್ತಿರಲಿಲ್ಲ. ತೆರೆಗಳ ಸದ್ದು ಕೇಳಿಸಲಿಲ್ಲ. ಯಾರೋ ಚಾಪೆಯನ್ನು ಬಿಚ್ಚಿ, ಸುತ್ತಿ, ಮತ್ತೆ ಬಿಚ್ಚಿದಂತೆ ಅವು ಬಂದು ಹೋಗುತ್ತಿದ್ದವು. ನೀರು ತಾಗುವಲ್ಲಿ ಅಮ್ಮ ನಿಂತಳು.

“ಕರಿ ಅಣ್ಣ,” ಎಂದಳು.

“ಯಾರನ್ನು?”

“ದೋಣಿಯವನನ್ನು. ಆಚೆ ದಡದಲ್ಲಿದ್ದಾನೆ, ಕಾಣುದಿಲ್ವಾ? ನೀನು ಕರೀಬೇಕಲ್ಲ. ನಾನು ಹೆಂಗಸು, ಕೂಗಿದರೆ ಮರ್ಯಾದೆ ಅಲ್ಲ.”

ಅವಳ ತವರು ಕಲ್ಯಾಣಪುರದ ಹತ್ತಿರ, ಸ್ವರ್ಣಾ ಹೊಳೆಯ ಆಚೆ. ಸೇತುವೆ ಇಲ್ಲದ ಕಾಲದಲ್ಲಿ ಈಚೆ ದಡದ ದೋಣಿ ಕಡವಿನಲ್ಲಿ ನಿಂತು, ಬಾಯಿಗೆ ಎರಡೂ ಕೈ ಕೊಟ್ಟು ಕೂಗಬೇಕಿತ್ತು. ಆಚೆಯಿಂದ ಓ ಎಂದರೆ ದೋಣಿ ಹೊರಟಿತೆಂದು ಅರ್ಥ. ಹೆಂಗಸರು ಎಷ್ಟು ಹೊತ್ತಾದರೂ ಕೂಗುವಂತಿರಲಿಲ್ಲ. ಕರೆದೊಯ್ಯಲು ಬಂದ ಅಣ್ಣನೇ ಕೂಗಬೇಕು.

“ಅಮ್ಮ,” ಎಂದ. ಅವಳು ತಿರುಗಲಿಲ್ಲ. ಅದು ಅವಳಿಗೆ ಹೇಳಿದ ಮಾತೇ ಅಲ್ಲ.

“ಕತ್ತಲೆಯಾಗ್ತದೆ ಅಣ್ಣ. ಕರಿ.”

ಅವನು ಕೈಗಳನ್ನು ಎತ್ತಿದ. ಬಹಳ ಕಷ್ಟವಾಯಿತು, ಆದರೂ ಬಾಯಿಯವರೆಗೆ ತಂದ. ಎದುರಿಗೆ ದಡವಿರಲಿಲ್ಲ. ಎದುರಿಗೆ ಏನೂ ಇರಲಿಲ್ಲ. ಅವನಿಗೆ ತುಂಬ ಹೆದರಿಕೆಯಾಯಿತು, ಚಿಕ್ಕ ಮಕ್ಕಳಿಗೆ ಆಗುವಂಥ ಹೆದರಿಕೆ.

“ಓ...ಯ್!” ಎಂದು ಕೂಗಿದ. ಕೂಗು ಹೊರಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಅದು ತಲೆಬುರುಡೆಯೊಳಗೆ ಒಂದು ಸುತ್ತು ಬಂದು ಎದೆಯ ತೂಕದಲ್ಲಿ ಇಳಿದುಹೋಯಿತು. “ಓ...ಯ್! ದೋಣೀ!”

ಅಮ್ಮ ಹುಬ್ಬಿಗೆ ಅಂಗೈ ಹಿಡಿದು ನೀರಿನಾಚೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಸಡಿಲಿತು.

“ಕೇಳಿತು ಅವನಿಗೆ,” ಎಂದಳು. “ಹೊರಟ. ಕೂತ್ಕೋ ಅಣ್ಣ, ನಿನಗೆ ಕಾಲು ನೋವು.”

ಅವನ ತೋಳು ಹಿಡಿದು ಮೆಲ್ಲಗೆ ಕೂರಿಸಿದಳು. ಪಕ್ಕದಲ್ಲಿ ಚೀಲದ ಮೇಲೆ ತಾನೂ ಕೂತಳು. ಒದ್ದೆ ಹೊಯಿಗೆ ಅವನ ಆಕಾರಕ್ಕೆ ತಗ್ಗಿ ಅವನನ್ನು ಹಿಡಿದುಕೊಂಡಿತು. ಯಾರಾದರೂ ಎತ್ತದ ಹೊರತು ಇನ್ನು ತಾನು ಏಳಲಾರೆ ಎಂದು ಗೊತ್ತಾಯಿತು. ನೀರು ಬಂದು ಅಮ್ಮನ ಸೀರೆಯ ಅಂಚನ್ನೂ ಅವನ ಮುಂಡನ್ನೂ ನೆನೆಸಿ ಹೋಯಿತು, ಮತ್ತೆ ಬಂತು. ಅವಳು ನೀರನ್ನೇ ನೋಡುತ್ತಿದ್ದಳು. ಅವನೂ ನೋಡಿದ. ತಾನೂ ದೋಣಿಗೆ ಕಾಯುತ್ತಿದ್ದೇನೆ ಎಂಬುದು ಅವನಿಗೆ ಬಹಳ ಹೊತ್ತಿನ ಮೇಲೆ ತಿಳಿಯಿತು.